ರೇಡಿಯೋ ಗರಗರ, ಸಿಗದ ಫೋನು, ಸಿಡ್ಲು: ಮಲ್ನಾಡ್ ಮನೇಲಿ ಗಲಾಟೆಯ ಮೂಲ ಹುಡ್ಕೋದು ಹೆಂಗೆ

ನಮ್ಮ ಅಪ್ಪಯ್ಯನಿಗೆ ಸಂಜೆ ಆಯ್ತು ಅಂದ್ರೆ ಭದ್ರಾವತಿ ಆಕಾಶವಾಣಿ ಬೇಕಿತ್ತು, ಅದೂ 103.5 ಎಫ್‌ಎಂ ಅಲ್ಲ, ಹಳೇ ಪೆಟ್ಟಿಗೇಲಿ ಮೀಡಿಯಂ ವೇವ್ 675. ಕೆಲವು ವರ್ಷದ ಹಿಂದೆ ಒಂದು ಮಳೆಗಾಲದಲ್ಲಿ ದಿನಾ ಏಳು ಗಂಟೆ ಹೊತ್ತಿಗೆ ಸರಿಯಾಗಿ ಗರ್ರ್ ಅಂತ ಶುರುವಾಗೋದು, ವಾರ್ತೆ ಓದೋರ ಬಾಯಿಗೆ ಯಾರೋ ಮರಳು ಹಾಕಿದಂಗೆ. ನಾನು ಸೆಲ್ ಬದಲಾಯಿಸಿದೆ, ಸೆಟ್ ಬಿಚ್ಚಿ ಎರಡು ಕಡೆ ಬೆಸುಗೆ ಹಾಕಿದೆ, ಹಂಚಿನ ಮೇಲೆ ತಂತಿ ಎಳೆದೆ, ಎಂತದೂ ಆಗ್ಲಿಲ್ಲ. ಕೊನೆಗೆ ಗೊತ್ತಾಗಿದ್ದು ಏನಪ್ಪಾ ಅಂದ್ರೆ ಅಮ್ಮ ಹಾಲು ಕರೆಯೋಕೆ ಹೋಗೋವಾಗ ಕೊಟ್ಟಿಗೇಲಿ ಹಾಕ್ತಿದ್ದ ಹೊಸ ಎಲ್‌ಇಡಿ ಬಲ್ಬು! ಸಂತೇಲಿ ತಂದಿದ್ದ ಅಗ್ಗದ್ದು. ಆ ಬಲ್ಬ್ ತೆಗೆದು ಬೇರೆ ಹಾಕಿದ್ಮೇಲೆ ರೇಡಿಯೋ ಗಂಟಲು ಸರಿಯಾಯ್ತು.

ಅವತ್ತಿಂದ ಈ ಹುಚ್ಚು ಹಿಡೀತು ನೋಡಿ. ಊರಲ್ಲಿ ಯಾರ ಮನೇಲಿ ರೇಡಿಯೋ ಕೂಗ್ಲಿ, ವೈಫೈ ಸಾಯ್ಲಿ, ಫೋನ್ ಕಟ್ ಆಗ್ಲಿ, ನನ್ನನ್ನ ಕರೀತಾರೆ. ಹೋಗಿ ನೋಡಿದ್ರೆ ಹತ್ತಕ್ಕೆ ಏಳೆಂಟು ಸಲ ಸಿಗ್ನಲ್ ಕಮ್ಮಿ ಇರೋದಲ್ಲ ತೊಂದ್ರೆ, ಪಕ್ಕದಲ್ಲೇ ಏನೋ ಕಿರುಚ್ತಾ ಇರುತ್ತೆ. ಜಾತ್ರೇಲಿ ತೇರಿನ ಮುಂದೆ ನಿಂತು ಫೋನ್ ಮಾಡಿದ್ರೆ ಆ ಕಡೆಯವರು ಮೆಲ್ಲಗೆ ಮಾತಾಡ್ತಿದಾರೆ ಅನ್ಸುತ್ತಲ್ಲ, ಹಂಗೆ. ಆದ್ರೆ ಜನ ಮಾಡೋದೇನು ಅಂದ್ರೆ ದೊಡ್ಡ ಆಂಟೆನಾ ತರ್ತಾರೆ, ಬೂಸ್ಟರ್ ತರ್ತಾರೆ, ಗಲಾಟೇನೂ ಜೊತೇಲಿ ದೊಡ್ಡದಾಗುತ್ತೆ.

ಈ ಕೆಲಸದವ್ರು ಯಾವ ತೊಂದರೇನೇ ಆಗ್ಲಿ ಮೂರು ಭಾಗ ಮಾಡಿ ನೋಡ್ತಾರೆ: ಕೂಗೋದು ಯಾವುದು, ಕೂಗು ಯಾವ ದಾರೀಲಿ ಬರ್ತಿದೆ, ಕೇಳಿಸ್ಕೊಂಡು ಕೆಡ್ತಿರೋದು ಯಾವುದು. ನಮ್ಮ ಕೇಸಲ್ಲಿ ಬಲ್ಬು ಕೂಗೋದು, ಕೊಟ್ಟಿಗೆಯಿಂದ ಅಡುಗೆಮನೆಗೆ ಬಂದ ವೈರಿಂಗ್ ದಾರಿ, ರೇಡಿಯೋ ಪಾಪದ್ದು. ಮೂರರಲ್ಲಿ ಒಂದನ್ನ ಮುರಿದ್ರೂ ಸಾಕು. ಸೈನ್ಯದವ್ರೂ ಇದೇ ಲೆಕ್ಕದಲ್ಲಿ ಹೋಗೋದು. ಅಮೆರಿಕ ಸೈನ್ಯ 1967ರಲ್ಲಿ ಮಿಲ್ ಸ್ಟ್ಯಾಂಡರ್ಡ್ 461 ಅಂತ ಒಂದು ನಿಯಮ ತಂತು, ಯಾವ ಉಪಕರಣ ಆದ್ರೂ ಎಷ್ಟರ ಮೇಲೆ ಕೂಗಬಾರದು, ಬೇರೆಯವ್ರು ಎಷ್ಟು ಕೂಗಿದ್ರೂ ಕೆಡಬಾರದು ಅಂತ ಎರಡೂ ಕಡೆ ಪರೀಕ್ಷೆ. ವಿಮಾನದಲ್ಲಿ ಹಾಕೋ ಕೆಲವು ಸಾಮಾನಿಗೆ ಮೀಟರಿಗೆ 200 ವೋಲ್ಟ್ ಕ್ಷೇತ್ರದಲ್ಲಿ ಇಟ್ಟು ನೋಡ್ತಾರೆ. ನಮ್ಮನೇ ವೈಫೈ ಪೆಟ್ಟಿಗೆ ನೂರು ಮಿಲಿವ್ಯಾಟ್ ಅಂತ ಇಟ್ಕೊಂಡ್ರೆ ಒಂದು ಮೀಟರ್ ದೂರದಲ್ಲಿ ಲೆಕ್ಕ ಹಾಕಿದ್ರೆ ಎರಡು ವೋಲ್ಟೂ ಬರಲ್ಲ, ಸಂತೇ ಬಲ್ಬು ತಯಾರು ಮಾಡೋರಂತೂ ಇಂಥ ಪರೀಕ್ಷೆಯ ತಲೆಬಿಸಿ ಹಚ್ಕೊಳ್ಳಲ್ಲ.

ಈಗ ಹುಡ್ಕೋ ಕೆಲಸ. ಒಂದು ಸಣ್ಣ ಎಎಂ ರೇಡಿಯೋ ಬೇಕು, ಸೆಲ್ಲಲ್ಲಿ ಓಡೋದು, ಅಟ್ಟದ ಮೇಲೆ ಧೂಳು ಹಿಡಿದಿರೋದು ಒಂದಾದ್ರೂ ಇದ್ದೇ ಇರುತ್ತೆ. ಯಾವ ಸ್ಟೇಷನ್ನೂ ಇಲ್ಲದ ಜಾಗಕ್ಕೆ ಮುಳ್ಳು ತಿರುಗ್ಸಿ. ಮೊದ್ಲು ಮನೆಯಿಂದ ದೂರ, ತೋಟದ ನಡುವೆ ಹೋಗಿ ಕೇಳಿ, ಅಲ್ಲಿ ಬರೋ ಸಣ್ಣ ಸುಯ್ ಶಬ್ದ ನೆನಪಲ್ಲಿ ಇಟ್ಕೊಳಿ, ಅದೇ ನಿಮ್ಮ ಅಳತೆ. ಮಲ್ನಾಡಲ್ಲಿ ನಮಗಿರೋ ಒಂದು ಭಾಗ್ಯ ಇದು, ಪೇಟೆಯವ್ರಿಗೆ ಇಷ್ಟು ಸೈಲೆಂಟ್ ಜಾಗ ದುಡ್ಡು ಕೊಟ್ರೂ ಸಿಗಲ್ಲ. ಆಮೇಲೆ ಮನೆಗೆ ಬಂದು ಜಗುಲೀಲಿ ಕೂತು ಕೇಳಿ, ಗಲಾಟೆ ಜಾಸ್ತಿ ಇದ್ರೆ ಮೇನ್ ಸ್ವಿಚ್ ಇಳಿಸಿ. ಇನ್ವರ್ಟರ್ ಇದ್ರೆ ಅದನ್ನೂ ಬಂದ್ ಮಾಡ್ಬೇಕು, ಇದನ್ನ ಸುಮಾರು ಜನ ಮರೀತಾರೆ, ಕರೆಂಟ್ ತೆಗೆದ ತಕ್ಷಣ ಇನ್ವರ್ಟರ್ ಎದ್ದು ಅದೇ ಕೂಗೋಕೆ ಶುರು ಮಾಡುತ್ತೆ. ಎಲ್ಲಾ ಬಂದ್ ಮಾಡಿದ್ಮೇಲೆ ಶಾಂತ ಆಯ್ತಾ? ಕಳ್ಳ ಮನೆಯೊಳಗೇ ಇದಾನೆ. ಒಂದೊಂದೇ ಸ್ವಿಚ್ ಹಾಕ್ತಾ ಬನ್ನಿ. ಶಾಂತ ಆಗ್ಲಿಲ್ವಾ? ಹೊರಗಡೆ ಹುಡುಕ್ಬೇಕು.

ಹೊರಗಡೆ ಹುಡ್ಕೋಕೆ ಒಂದು ಉಪಾಯ. ಆ ಸಣ್ಣ ರೇಡಿಯೋ ಒಳಗೆ ಕಪ್ಪು ಕಡ್ಡಿ ಇರುತ್ತೆ, ಫೆರೈಟ್ ಕಡ್ಡಿ, ಅದೇ ಅದರ ಆಂಟೆನಾ, ಸಾಮಾನ್ಯವಾಗಿ ಪೆಟ್ಟಿಗೆಯ ಉದ್ದಕ್ಕೇ ಮಲಗಿರುತ್ತೆ. ಕಡ್ಡಿಯ ತುದಿ ಯಾವ ಕಡೆ ಇದ್ಯೋ ಆ ಕಡೆ ಅದಕ್ಕೆ ಕಿವುಡು. ರೇಡಿಯೋನ ಅಂಗೈ ಮೇಲೆ ಮಲಗಿಸಿ ನಿಧಾನ ತಿರುಗ್ಸಿ, ಗಲಾಟೆ ತೀರಾ ಕಮ್ಮಿ ಆದ ಕಡೆ ನಿಲ್ಸಿ, ಆಗ ಕಡ್ಡಿಯ ಎರಡು ತುದೀಲಿ ಒಂದು ಮೂಲದ ಕಡೆ ಮುಖ ಮಾಡಿರುತ್ತೆ. ಯಾವ ತುದಿ ಅಂತ ಗೊತ್ತಾಗಲ್ಲ, ಅದಕ್ಕೆ ನೂರಿನ್ನೂರು ಹೆಜ್ಜೆ ಪಕ್ಕಕ್ಕೆ ಹೋಗಿ ಇನ್ನೊಂದ್ಸಲ ನೋಡಿ, ಎರಡು ಗೆರೆ ಎಲ್ಲಿ ಕೂಡುತ್ತೋ ಅಲ್ಲಿ. ಕರೆಂಟ್ ತಂತಿ ಕೆಳಗೆ ನಿಂತು ಮಾತ್ರ ಇದನ್ನ ಮಾಡ್ಬೇಡಿ, ತಂತಿ ಉದ್ದಕ್ಕೂ ಗಲಾಟೆ ಹರಿದು ಬರ್ತಿರುತ್ತೆ, ದಿಕ್ಕು ಪೂರ್ತಿ ಸುಳ್ಳು ಹೇಳುತ್ತೆ.

ಶಬ್ದ ಕೇಳಿನೇ ಅರ್ಧ ಗುರುತು ಹಿಡೀಬಹುದು. ಒಂದೇ ಸಮ ಗರ್ರ್ ಅಂತ ಇದ್ದು, ಮುಳ್ಳು ತಿರುಗಿಸ್ತಾ ಹೋದ್ರೆ ಅಲ್ಲಲ್ಲಿ ಗುಡ್ಡೆ ಗುಡ್ಡೆಯಾಗಿ ಬರ್ತಿದ್ರೆ ಬಲ್ಬಿನ ಡ್ರೈವರ್, ಚಾರ್ಜರ್, ಸೋಲಾರ್ ಕಂಟ್ರೋಲರ್ ಈ ಜಾತಿ. ಇವೆಲ್ಲ ಒಳಗಡೆ ಸೆಕೆಂಡಿಗೆ ಐವತ್ತು ಸಾವಿರದಿಂದ ಒಂದು ಲಕ್ಷ ಸಲ ಸ್ವಿಚ್ ಹಾಕಿ ತೆಗೆದು ಮಾಡ್ತಿರ್ತವೆ, ಅದರ ಮರಿಗಳು ಮೀಡಿಯಂ ವೇವ್ ತುಂಬಾ ಹರಡ್ತವೆ, ಒಳಗೆ ಒಂದು ಫಿಲ್ಟರ್ ಹಾಕಿದ್ರೆ ನಿಲ್ಲುತ್ತೆ, ಅಗ್ಗದವ್ರು ಅದನ್ನೇ ಉಳಿಸೋದು. ಮಿಕ್ಸಿ ಬೇರೆ ತರ, ಒಳಗೆ ಬ್ರಷ್ ಕಿಡಿ ಹಾರ್ತಿರುತ್ತೆ, ಚಟ್ನಿ ಆಗೋವರೆಗೆ ಕಿರ್ರ್ ಅಂತ ಎಲ್ಲಾ ಕಡೆ ಒಂದೇ ಸಮ. ಪಂಪ್‌ಸೆಟ್ಟಿನ ಮೂರು ಫೇಸ್ ಮೋಟರಿಗೆ ಬ್ರಷ್ ಇಲ್ಲ, ಅದು ಸಾಧು, ಸ್ಟಾರ್ಟರ್ ಹಾಕೋವಾಗ ಒಂದು ತಟ್ ಅಷ್ಟೇ. ಸೆಕೆಂಡಿಗೊಂದು ಟಿಕ್... ಟಿಕ್... ಅಂತ ಗಡಿಯಾರದಂಗೆ ಬಂದ್ರೆ ಅದು ಯಾರದ್ದೋ ತೋಟದ ಸೋಲಾರ್ ಬೇಲಿ, ಅದರ ವಿಷಯ ಕೊನೇಲಿ ಹೇಳ್ತೀನಿ.

ಹೊರಗಡೆ ಕಂಬದಿಂದ ಬರೋ ಗಲಾಟೆ ಒರಟಾಗಿ ಬರ್ರ್ ಅಂತಿರುತ್ತೆ. ಸಡಿಲ ಆದ ಬೈಂಡಿಂಗ್ ತಂತಿ, ತುಕ್ಕು ಹಿಡಿದ ನಟ್ಟು, ಬಿರುಕು ಬಿಟ್ಟ ಪಿಂಗಾಣಿ, ಇಂಥ ಕಡೆ ಕೂದಲೆಳೆ ಸಂದಿ ಇರುತ್ತೆ, ಸಂದೀಲಿ ಸೆಕೆಂಡಿಗೆ ನೂರು ಸಲ ಕಿಡಿ. ಇದನ್ನ ಪತ್ತೆ ಮಾಡೋಕೆ ನಮ್ಮ ಮಳೇನೇ ಬೇಕು. ಜಡಿಮಳೆ ಹಿಡ್ಕೊಂಡಾಗ ಗಲಾಟೆ ನಿಂತು, ಬಿಸಿಲು ಬಂದು ಒಣಗಿದ್ಮೇಲೆ ವಾಪಸ್ ಬಂದ್ರೆ ಅದು ಸಂದಿಯ ಕಿಡಿ, ನೀರು ಸಂದಿ ತುಂಬಿಸಿ ಬಾಯಿ ಮುಚ್ಚಿಸಿರುತ್ತೆ. ಮಳೇಲೇ ಜಾಸ್ತಿ ಆಗೋದು ದೊಡ್ಡ ಟವರ್ ಲೈನುಗಳದ್ದು, ಶರಾವತಿ ಕಡೆಯಿಂದ ಹೊರಡೋ ಹೈಟೆನ್ಷನ್ ಲೈನ್ ಕೆಳಗೆ ಮಳೇಲಿ ನಿಂತ್ರೆ ಬರೀ ಕಿವೀಗೇ ಚರಚರ ಕೇಳುತ್ತೆ, ಅದು ಕರೋನಾ (ಕಾಯಿಲೆ ಅಲ್ಲ ಮಾರಾಯ್ರೆ, ತಂತಿ ಸುತ್ತ ಗಾಳಿ ಒಡೆಯೋದು), ಅದಕ್ಕೆ ನಾವು ನೀವು ಮಾಡೋದು ಏನೂ ಇಲ್ಲ. ಅಂದಂಗೆ ಶರಾವತಿ ಪವರ್ ಹೌಸಿನ ಹತ್ತು ಯಂತ್ರ ಒಂದೊಂದೂ 103.5 ಮೆಗಾವ್ಯಾಟು, ಭದ್ರಾವತಿ ಎಫ್‌ಎಂ 103.5 ಮೆಗಾಹರ್ಟ್ಜು, ಎಂಥ ಸಂಬಂಧವೂ ಇಲ್ಲ, ಆದ್ರೂ ಒಂಥರಾ ಖುಷಿ.

ಕಂಬ ಗೊತ್ತಾಯ್ತು ಅಂತ ದೋಟಿ ತಗೊಂಡು ಕುಟ್ಟೋಕೆ ಹೋಗ್ಬೇಡಿ, ಕಂಬದ ಆಸರೆಗೆ ನೆಲಕ್ಕೆ ಎಳೆದು ಕಟ್ಟಿರೋ ಗೈ ತಂತಿ ಅಲ್ಲಾಡಿಸೋದೂ ಬೇಡ. ಕಂಬದ ನಂಬರ್ ಬರ್ಕೊಂಡು ಲೈನ್‌ಮ್ಯಾನಿಗೆ ಹೇಳಿ. ಹೇಳೋವಾಗ "ರೇಡಿಯೋ ಕೇಳಲ್ಲ" ಅಂದ್ರೆ ನಗ್ತಾರೆ, "ಇಂಥ ಕಂಬದಲ್ಲಿ ಕಿಡಿ ಹಾರ್ತಿದೆ" ಅಂದ್ರೆ ಬರ್ತಾರೆ.

ಮನೆಯೊಳಗಿನ ಕಳ್ಳನಿಗೆ ಮದ್ದು: ಬಲ್ಬಾದ್ರೆ ಬದಲಾಯ್ಸಿ, ರಿಪೇರಿ ಮಾಡೋ ಬಾಬತ್ತಲ್ಲ. ಬಿಸಾಕೋಕಾಗದ ಇನ್ವರ್ಟರ್, ಸೋಲಾರ್ ಪೆಟ್ಟಿಗೆ ಇಂಥದಕ್ಕೆ ಫೆರೈಟ್ ರಿಂಗು. ಲ್ಯಾಪ್‌ಟಾಪ್ ಚಾರ್ಜರ್ ವೈರಲ್ಲಿ ಒಂದು ಗಂಟು ಇರುತ್ತಲ್ಲ, ಅದೇ. ಗಲಾಟೆ ಮಾಡೋ ಪೆಟ್ಟಿಗೆ ಹತ್ರಾನೇ, ಹೋಗೋ ಬರೋ ಎರಡೂ ವೈರು ಒಟ್ಟಿಗೆ ಹಿಡಿದು ರಿಂಗಿನೊಳಗೆ ಸುತ್ತಬೇಕು. ಸುತ್ತು ಎರಡು ಪಟ್ಟಾದ್ರೆ ತಡೆಯೋ ಶಕ್ತಿ ಹೆಚ್ಚುಕಮ್ಮಿ ನಾಲ್ಕು ಪಟ್ಟು, ಅದಕ್ಕೆ ಒಂದೇ ಸಲ ತೂರಿಸಿ ಕೆಲಸ ಮಾಡ್ಲಿಲ್ಲ ಅಂತ ಬೈಬೇಡಿ. ಕ್ಲಿಪ್ ತರ ಹಾಕೋ ಸಣ್ಣವು ಎಫ್‌ಎಂ ಮಟ್ಟದಲ್ಲಿ ಪರವಾಗಿಲ್ಲ, ಮೀಡಿಯಂ ವೇವ್‌ಗೆ ಎಂತಕ್ಕೂ ಸಾಲಲ್ಲ, ದೊಡ್ಡ ರಿಂಗಿಗೆ ಎಂಟ್ಹತ್ತು ಸುತ್ತು ಬೇಕು. ವೈಫೈಗೂ ಇದೇ ತರ ಒಬ್ಬ ಕಳ್ಳ ಇದಾನೆ, ಯುಎಸ್‌ಬಿ 3 ಹಾರ್ಡ್ ಡಿಸ್ಕು, ಅದರ ಗಲಾಟೆ 2.4 ಗಿಗಾಹರ್ಟ್ಜ್ ಮೇಲೇ ಬೀಳುತ್ತೆ. ಕೇಬಲ್ ಉದ್ದ ಮಾಡಿ ದೂರ ಇಡಿ, ಇಲ್ಲಾಂದ್ರೆ ವೈಫೈನ 5 ಗಿಗಾಹರ್ಟ್ಜ್‌ಗೆ ಹಾಕಿ.

ಇನ್ನು ಎಲ್ಲರೂ ಕೇಳೋದು, ಫೋನ್ ಸಿಗ್ನಲ್. ಕಡ್ಡಿ ಎಣಿಸೋದು ಬಿಡಿ, ಒಂದೊಂದು ಕಂಪನಿ ಫೋನು ಅವರವರ ಇಷ್ಟಕ್ಕೆ ಕಡ್ಡಿ ತೋರ್ಸುತ್ತೆ. ಆಂಡ್ರಾಯ್ಡಲ್ಲಿ ಸೆಟ್ಟಿಂಗ್ಸ್, ಅಬೌಟ್ ಫೋನ್, ಸಿಮ್ ಸ್ಟೇಟಸ್ ಒಳಗೆ ಡಿಬಿಎಂ ಅಂತ ಮೈನಸ್ ನಂಬರ್ ಇರುತ್ತೆ. 4ಜಿಯಲ್ಲಿ ಮೈನಸ್ 85 ಚೆನ್ನಾಗಿದೆ, ಮೈನಸ್ 105 ತೇಲ್ತಾ ಮುಳುಗ್ತಾ, 115 ದಾಟಿದ್ರೆ ಗುಡ್ಡ ಹತ್ತಬೇಕು. ಪ್ರತಿ ಹತ್ತು ಅಂಕೆಗೆ ಶಕ್ತಿ ಹತ್ತು ಪಟ್ಟು ವ್ಯತ್ಯಾಸ, ಅಂದ್ರೆ 85ಕ್ಕೂ 105ಕ್ಕೂ ನೂರು ಪಟ್ಟು. ಒಂದು ಕಾಗದದ ಮೇಲೆ ಮನೆ ನಕ್ಷೆ ಬರೆದು ಜಗುಲಿ, ಅಟ್ಟ, ಅಡುಗೆಮನೆ, ಹಿತ್ಲು ಎಲ್ಲಾ ಕಡೆ ಈ ಅಂಕೆ ಬರೀರಿ, ಒಂದೊಂದು ಜಾಗದಲ್ಲಿ ಒಂದು ನಿಮಿಷ ನಿಂತು. ನಾನು ಹೀಗೆ ಮಾಡಿದ ಒಂದು ಮನೇಲಿ ಅಂಗಳದ ಮೇಲೆ ಹೊಸದಾಗಿ ತಗಡಿನ ಶೀಟ್ ಹೊದಿಸಿದ್ರು, ಅಡಿಕೆ ಒಣಗ್ಸೋಕೆ ಅನುಕೂಲ ಅಂತ, ಅವತ್ತಿಂದ ಜಗುಲೀಲಿ ಸಿಗ್ನಲ್ ಹೋಗಿತ್ತು, ಅವರು ಟವರ್ ಕೆಟ್ಟಿದೆ ಅಂತ ಬೈತಾ ಕೂತಿದ್ರು. ಹಂಚು ಅಲೆಗೆ ದಾರಿ ಕೊಡುತ್ತೆ, ತಗಡು ಕೊಡಲ್ಲ. ಸೈನ್ಯದವ್ರು ಗುಟ್ಟಿನ ಸಾಮಾನಿಡೋ ಕೋಣೆಗೆ ದುಡ್ಡು ಸುರಿದು ಲೋಹ ಹೊದಿಸ್ತಾರೆ, ನಾವು ಪುಕ್ಕಟೆ ಮಾಡ್ಕೊಂಡಿದೀವಿ.

ಗುಡ್ಡ ಕಾಡು ಇರೋ ಕಡೆ ಯಾವ ಬ್ಯಾಂಡ್ ಅನ್ನೋದೂ ಮುಖ್ಯ. ಅಲೆ ಉದ್ದ ಇದ್ದಷ್ಟು ಗುಡ್ಡದ ಬೆನ್ನು ಬಳಸಿ, ಮರ ನುಗ್ಗಿ ಬರುತ್ತೆ. 900 ಮೆಗಾಹರ್ಟ್ಜ್ ಅಲೆ 33 ಸೆಂಟಿಮೀಟರು, 2300ರದ್ದು 13. ಇದರ ಕೊನೇ ತುದಿ ನೋಡ್ಬೇಕಂದ್ರೆ ತಿರುನೆಲ್ವೇಲಿ ಹತ್ರ ಐಎನ್‌ಎಸ್ ಕಟ್ಟಬೊಮ್ಮನ್ ಅಂತ ನೌಕಾಪಡೆ ಸ್ಟೇಷನ್ ಇದೆ, ಅದು ಮಾತಾಡೋದು 18.2 ಕಿಲೋಹರ್ಟ್ಜಲ್ಲಿ, ಒಂದೊಂದು ಅಲೆ ಹದಿನಾರು ಕಿಲೋಮೀಟರ್ ಮೇಲೆ, ಸಮುದ್ರದ ನೀರೊಳಗೂ ಸ್ವಲ್ಪ ದೂರ ಇಳಿದು ಸಬ್‌ಮರೀನಿಗೆ ಸಿಗುತ್ತೆ. ಆದ್ರೆ ಅದರಲ್ಲಿ ವಿಡಿಯೋ ನೋಡೋಕಾಗಲ್ಲ, ಅಕ್ಷರ ಅಕ್ಷರ ತೆವಳ್ಕೊಂಡು ಬರೋದು. ನಿಮ್ಮ ಕೆಲಸಕ್ಕೆ 4ಜಿ ರೂಟರಲ್ಲಿ ಬ್ಯಾಂಡ್ ಆರಿಸೋ ಅವಕಾಶ ಇದ್ರೆ 700, 850, 900 ಇವನ್ನ ಒಂದೊಂದಾಗಿ ಹಾಕಿ ನೋಡಿ. ಮಳೆಗಾಲದಲ್ಲಿ ಸಿಗ್ನಲ್ ಇಳಿಯೋದು ಆಕಾಶದ ಮಳೆಯಿಂದಲ್ಲ, ಈ ಬ್ಯಾಂಡಲ್ಲಿ ಮಳೆ ಹನಿ ಏನೂ ಮಾಡಲ್ಲ, ಡಿಶ್ ಟಿವಿಯ ಗಿಗಾಹರ್ಟ್ಜುಗಳಿಗೆ ಅದು ತೊಂದ್ರೆ. ಇಲ್ಲಿ ನೆಂದ ಎಲೆಗಳು ತಿನ್ನುತ್ತೆ, ಅದಕ್ಕಿಂತ ಹೆಚ್ಚಾಗಿ ಮರ ಬಿದ್ದು ಕರೆಂಟ್ ಹೋಗಿ ಟವರಿನ ಬ್ಯಾಟರಿ ಖಾಲಿ ಆಗಿರುತ್ತೆ. ಆಗುಂಬೆ ಕಡೆ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ದಾಟಿ ಸುರಿಯೋವಾಗ ಟವರ್ ನಿಂತಿರೋದೇ ಪುಣ್ಯ ಅನ್ಕೊಳಿ.

ಗುಡ್ಡದ ನೆತ್ತೀಲಿ ನಿಂತ್ರೆ ಫುಲ್ ಕಡ್ಡಿ, ಆದ್ರೆ ನೆಟ್ ಮಾತ್ರ ಓಡಲ್ಲ, ಇದನ್ನ ನೋಡಿದೀರಾ? ಅಲ್ಲಿಗೆ ಹತ್ತಾರು ಟವರು ಒಟ್ಟಿಗೆ ಕಾಣ್ತವೆ, ಎಲ್ಲಾ ಒಂದೇ ಚಾನೆಲಲ್ಲಿ ಮಾತಾಡಿದ್ರೆ ಒಂದಕ್ಕೊಂದು ಗಲಾಟೆ. ಇದಕ್ಕೆ ಎಸ್‌ಐಎನ್‌ಆರ್ ಅಂತ ಇನ್ನೊಂದು ಅಂಕೆ ಇದೆ, ನಮಗೆ ಬೇಕಾದ ಸಿಗ್ನಲ್ ಗಲಾಟೆಗಿಂತ ಎಷ್ಟು ಜೋರು ಅನ್ನೋ ಲೆಕ್ಕ, ಪುಕ್ಕಟೆ ಆ್ಯಪ್‌ಗಳಲ್ಲಿ ಕಾಣುತ್ತೆ, 20 ಇದ್ರೆ ಹಬ್ಬ, ಸೊನ್ನೆ ಕೆಳಗೆ ಹೋದ್ರೆ ಮುಗೀತು. ಹೊರಗೆ ಯಾಗಿ ಆಂಟೆನಾ ಕಟ್ಟೋರು ಕಡ್ಡಿ ನೋಡಿ ತಿರುಗಿಸ್ಬೇಡಿ, ಈ ಅಂಕೆ ನೋಡಿ ತಿರುಗ್ಸಿ. ಒಂದು ಕಡೆಗೇ ಕಿವಿ ಕೊಡೋ ಆಂಟೆನಾದ ದೊಡ್ಡ ಉಪಕಾರ ಅಂದ್ರೆ ಹಿಂದಿನ ಗಲಾಟೆ ಕೇಳಿಸ್ಕೊಳ್ದೇ ಇರೋದು. ಇನ್ನೊಂದು, ಮಾಮೂಲಿ ತೆಳು ಆರ್‌ಜಿ 58 ಕೇಬಲ್ಲು 900 ಮೆಗಾಹರ್ಟ್ಜಲ್ಲಿ ಮೀಟರಿಗೆ ಸುಮಾರು ಅರ್ಧ ಡಿಬಿ ತಿನ್ನುತ್ತೆ, ಹತ್ತು ಮೀಟರ್ ಎಳೆದ್ರೆ ಶಕ್ತೀಲಿ ಮೂರನೇ ಎರಡು ಪಾಲು ಕೇಬಲ್ಲೇ ಕುಡ್ದಾಯ್ತು. ರೂಟರನ್ನೇ ಅಟ್ಟದ ಮೇಲೆ ಆಂಟೆನಾ ಪಕ್ಕ ಇಟ್ಟು ಕೆಳಗೆ ಲ್ಯಾನ್ ವೈರ್ ತನ್ನಿ.

ಆನ್‌ಲೈನಲ್ಲಿ ಮಾರೋ ಸಿಗ್ನಲ್ ಬೂಸ್ಟರ್ ತರ್ಬೇಡಿ. ಲೈಸೆನ್ಸ್ ಇಲ್ದೆ ಹಾಕೋದು ಕಾನೂನು ಪ್ರಕಾರ ತಪ್ಪು, ಅದಕ್ಕಿಂತ ಕೆಟ್ಟದ್ದು ಅಂದ್ರೆ ಒಳಗಿನ ಆಂಟೆನಾ ಹೊರಗಿನದ್ದಕ್ಕೆ ಕೇಳಿಸಿ ಮೈಕ್ ಸೆಟ್ ಕುಂಯ್ ಅನ್ನೋ ಹಂಗೆ ಅದು ಕೂಗೋಕೆ ಶುರು ಮಾಡಿದ್ರೆ ಟವರಿನ ಕಿವಿಯೇ ಮುಚ್ಚುತ್ತೆ, ಇಡೀ ಊರಿಗೆ ಫೋನಿಲ್ಲ. ಜಾಮರ್ ಅಂತೂ ಕೇಳ್ಲೇಬೇಡಿ. ತಮ್ಮದೇ ಕೂಗಿಂದ ತಮ್ಮ ಕಿವಿ ಕಿವುಡಾಗೋದು ಯುದ್ಧನೌಕೆಯವ್ರಿಗೂ ತಪ್ಪಿಲ್ಲ. 1982ರ ಮೇ 4ರಂದು ಫಾಕ್‌ಲ್ಯಾಂಡ್ ಯುದ್ಧದಲ್ಲಿ ಬ್ರಿಟಿಷರ ಶೆಫೀಲ್ಡ್ ಹಡಗು ಸ್ಯಾಟಲೈಟ್ ಮೂಲಕ ಮಾತಾಡ್ತಿತ್ತು, ಆ ಹೊತ್ತಿಗೆ ಶತ್ರು ರಾಡಾರ್ ಪತ್ತೆ ಮಾಡೋ ಉಪಕರಣಕ್ಕೆ ಆ ಪ್ರಸಾರ ಅಡ್ಡ ಬಂತು, ಎಕ್ಸೋಸೆಟ್ ಕ್ಷಿಪಣಿ ಬಂದು ಬಡೀತು, 20 ಜನ ಸತ್ತರು. ಒಂದೇ ಹಡಗಿನ ಮೇಲೆ ಇಷ್ಟೆಲ್ಲಾ ಆಂಟೆನಾ ಕಟ್ಟೋವಾಗ ಯಾರು ಯಾವಾಗ ಮಾತಾಡ್ಬೇಕು ಅನ್ನೋದೇ ದೊಡ್ಡ ವಿದ್ಯೆ.

ಟವರ್ ವಿಕಿರಣದ ಭಯ ಊರೂರಲ್ಲೂ ಇದೆ. 2012ರ ಸೆಪ್ಟೆಂಬರಲ್ಲಿ ನಮ್ಮ ದೇಶದಲ್ಲಿ ಈ ವಿಕಿರಣದ ಮಿತೀನ ಅಂತಾರಾಷ್ಟ್ರೀಯ ಮಿತಿಯ ಹತ್ತನೇ ಒಂದು ಪಾಲಿಗೆ ಇಳಿಸಿದ್ರು, 900 ಮೆಗಾಹರ್ಟ್ಜಿಗೆ ಚದರ ಮೀಟರಿಗೆ 0.45 ವ್ಯಾಟ್. ನನ್ನ ಲೆಕ್ಕ ಇಷ್ಟೇ, ಟವರ್ ಬೇಡ ಅಂತ ಓಡಿಸಿದ ಊರಲ್ಲಿ ಫೋನು ಕಿವಿ ಪಕ್ಕಾನೇ ಪೂರ್ತಿ ಶಕ್ತಿ, ಅಂದ್ರೆ ಸುಮಾರು 200 ಮಿಲಿವ್ಯಾಟ್ ಹಾಕಿ ಕೂಗುತ್ತೆ, ಬ್ಯಾಟರಿ ಮಧ್ಯಾಹ್ನಕ್ಕೇ ಖಾಲಿ.

ಸಿಡ್ಲಿನ ವಿಷಯಕ್ಕೆ ಬರ್ತೀನಿ, ಏಪ್ರಿಲ್ ಮೇ ಬಂತು ಅಂದ್ರೆ ಇದೇ ದೊಡ್ಡ ಶತ್ರು. ಸಿಡ್ಲು ಅಂದ್ರೆ ಬರೀ ಬೆಂಕಿ ಅಲ್ಲ, ಅದೂ ಒಂದು ದೊಡ್ಡ ರೇಡಿಯೋ ಕೂಗು, ಎಎಂ ರೇಡಿಯೋದ ಕೆಳ ತುದೀಲಿ ಇಟ್ರೆ ದೂರದ ಮಿಂಚಿಗೂ ಚರ್ರ್ ಅನ್ನುತ್ತೆ. ಆಕಾಶ ಇನ್ನೂ ಬೆಳ್ಳಗೆ ಇದ್ದಾಗಲೇ ಚರಚರ ಹತ್ತಿರ ಹತ್ತಿರ ಬರೋಕೆ ಶುರುವಾದ್ರೆ ಅಂಗಳದ ಅಡಿಕೆ ಬಾಚಿ, ಪ್ಲಗ್ಗುಗಳನ್ನ ಕಿತ್ತಿಡಿ. ಸ್ವಿಚ್ ಆಫ್ ಸಾಲಲ್ಲ, ಮೋಡದಿಂದ ಹಾರಿ ಬಂದಿದ್ದಕ್ಕೆ ಸ್ವಿಚ್ಚಿನ ಎರಡು ಮಿಲಿಮೀಟರ್ ಸಂದಿ ಯಾವ ಲೆಕ್ಕ. ಡಿಶ್ ಕೇಬಲ್, ಲ್ಯಾನ್, ಹೊರಗಿನ ಆಂಟೆನಾ ಎಲ್ಲಾ ಬಿಚ್ಚಿ. ಮಿಂಚು ಕಂಡು ಗುಡುಗು ಕೇಳೋವರೆಗೆ ಎಣಿಸಿ, ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್, ಮೂವತ್ತರೊಳಗೆ ಬಂದ್ರೆ ಪ್ಲಗ್ ಮುಟ್ಟೋದು ಬೇಡ, ತೋಟದಲ್ಲಿದ್ರೆ ಒಳಗೆ ಬನ್ನಿ.

ಅರ್ಥಿಂಗ್ ಬಗ್ಗೆ ಸ್ವಲ್ಪ ಕೇಳಿ. ಸುಮಾರು ಮನೇಲಿ ಕರೆಂಟಿಗೊಂದು ಅರ್ಥು, ಆಂಟೆನಾಕ್ಕೆ ಹಿತ್ಲಲ್ಲಿ ಇನ್ನೊಂದು ರಾಡು, ಎರಡಕ್ಕೂ ಸಂಬಂಧ ಇಲ್ಲ. ಹತ್ತಿರದಲ್ಲಿ ಹೊಡೆದ ಸಿಡ್ಲಿಂದ ಹತ್ತು ಸಾವಿರ ಆಂಪಿಯರ್ ಒಂದು ರಾಡಿಗೆ ಇಳೀತು, ಆ ಮಣ್ಣಿನ ತಡೆ 10 ಓಮ್ ಅಂತ ಇಟ್ಕೊಳಿ, ಆ ರಾಡು ಒಂದು ಲಕ್ಷ ವೋಲ್ಟಿಗೆ ಏರುತ್ತೆ, ಇನ್ನೊಂದು ರಾಡು ಸೊನ್ನೇಲೇ ಕೂತಿರುತ್ತೆ. ನಡುವೆ ಇರೋದು ಯಾರು? ನಿಮ್ಮ ಟಿವಿ. ಅದಕ್ಕೇ ಎಲ್ಲಾ ಅರ್ಥನ್ನೂ ದಪ್ಪ ತಂತಿಯಿಂದ ಒಂದೇ ಜಾಗಕ್ಕೆ ತಂದು ಕಟ್ಟಿಸ್ಬೇಕು, ಏರಿದ್ರೆ ಎಲ್ಲಾ ಒಟ್ಟಿಗೆ ಏರ್ಲಿ ಇಳೀಲಿ. ಮೀಟರ್ ಬೋರ್ಡಲ್ಲೇ ಸರ್ಜ್ ಪ್ರೊಟೆಕ್ಟರ್ (ಏಕಾಏಕಿ ಏರೋ ವೋಲ್ಟನ್ನ ಅರ್ಥಿಗೆ ಇಳಿಸೋ ಪೆಟ್ಟಿಗೆ) ಹಾಕ್ಸಿ, ಅದರ ಅರ್ಥ್ ವೈರ್ ಗಿಡ್ಡ ಇರ್ಲಿ, ಸುರುಳಿ ಸುತ್ತಿ ಇಡ್ಬೇಡಿ. ನಮ್ಮ ಜಂಬಿಟ್ಟಿಗೆ ನೆಲ ಬೇಸಿಗೇಲಿ ಒಣಗಿ ಕಲ್ಲಾಗುತ್ತೆ, ಸಿಡ್ಲೂ ಆಗಲೇ ಬರೋದು, ಬಚ್ಚಲು ನೀರು ಹೋಗೋ ಕಡೆ ಅರ್ಥ್ ಗುಂಡಿ ತೋಡಿಸಿದ್ರೆ ಆಯ್ತು. ವೈರಿಂಗ್ ಕೆಲಸ ಗೊತ್ತಿರೋ ಎಲೆಕ್ಟ್ರಿಷಿಯನ್ ಕೈಲಿ ಮಾಡ್ಸಿ. ಸೈನ್ಯದವ್ರಿಗೆ ಇದರ ದೊಡ್ಡಣ್ಣನ ಭಯ. 1962ರ ಜುಲೈ 9ಕ್ಕೆ ಅಮೆರಿಕದವ್ರು ಪೆಸಿಫಿಕ್ ಮೇಲೆ 400 ಕಿಲೋಮೀಟರ್ ಎತ್ತರದಲ್ಲಿ 1.4 ಮೆಗಾಟನ್ ಅಣುಬಾಂಬ್ ಒಡೆದ್ರು, ಸ್ಟಾರ್‌ಫಿಶ್ ಪ್ರೈಮ್ ಅಂತ, ಅದರಿಂದ ಹೊಮ್ಮಿದ ರೇಡಿಯೋ ಅಲೆಯ ಏಟಿಗೆ ಸುಮಾರು 1,400 ಕಿಲೋಮೀಟರ್ ದೂರದ ಹವಾಯಿ ದ್ವೀಪದಲ್ಲಿ ಬೀದಿ ದೀಪಗಳು ಆರಿದ್ವು. ಅದರ ಮೊದಲ ಏಟು ಸಿಡ್ಲಿಗಿಂತ ಎಷ್ಟೋ ಚುರುಕು, ಮಾಮೂಲಿ ಸಿಡ್ಲಿನ ರಕ್ಷಣೆಯಲ್ಲಿ ಸುಮಾರು ಅದಕ್ಕೆ ಸಾಲಲ್ಲ. ನಮಗೆ ಅಷ್ಟು ಬೇಡ, ಟಿವಿ ಉಳಿದ್ರೆ ಸಾಕು.

ಈಗ ಆ ಟಿಕ್ ಟಿಕ್ ಬೇಲಿ. ಬೇಲಿ ಯಂತ್ರ ಸೆಕೆಂಡಿಗೊಂದ್ಸಲ ಕೆಲವು ಸಾವಿರ ವೋಲ್ಟಿನ ಸಣ್ಣ ಏಟು ಬಿಡುತ್ತೆ, ಬೇಲಿ ಸರಿಯಿದ್ರೆ ರೇಡಿಯೋದಲ್ಲಿ ಮೆಲ್ಲಗೆ ಕೇಳುತ್ತೆ. ಹುಲ್ಲು, ಬಳ್ಳಿ, ಬಿದ್ದ ಸೋಗೆ ತಂತಿಗೆ ತಾಗಿದ್ರೆ, ಇನ್ಸುಲೇಟರ್ ಒಡೆದಿದ್ರೆ ಅಲ್ಲಿ ಕಿಡಿ ಹಾರಿ ಟಿಕ್ ಅನ್ನೋದು ಟಪ್ ಅನ್ನುತ್ತೆ. ರೇಡಿಯೋ ಜೇಬಲ್ಲಿ ಹಾಕ್ಕೊಂಡು ಬೇಲಿ ಗುಂಟ ತಂತಿ ಮುಟ್ಟದೆ ನಡೀರಿ, ಎಲ್ಲಿ ಜೋರಾಗುತ್ತೋ ಅಲ್ಲಿ ಬಗ್ಗಿ ನೋಡಿ. ಬೇಲಿಗೆ ಲೈನಿಂದ ನೇರವಾಗಿ ಕರೆಂಟ್ ಕೊಟ್ಟಿರೋರ ಸುದ್ದಿ ನನಗೆ ಬೇಡ, ಅದು ಆನೆಗೂ ಮನುಷ್ಯನಿಗೂ ಕೊಲೆ. ಪಕ್ಕದ ತೋಟದವ್ರ ಬೇಲಿ ನಮ್ಮನೇ ರೇಡಿಯೋದಲ್ಲಿ ಈಗಲೂ ಕೇಳುತ್ತೆ, ಹೋಗಿ ಸರಿ ಮಾಡೋಣ ಅಂದೆ, ಅಪ್ಪಯ್ಯನೇ ಬೇಡ ಅಂದ್ರು. ಮೊನ್ನೆ ರಾತ್ರಿ ಊಟಕ್ಕೆ ಕೂತಾಗ ಟಿಕ್ ನಿಂತೋಯ್ತು, ಅಪ್ಪಯ್ಯ ತುತ್ತು ಕೆಳಗಿಟ್ಟು, "ಅವರ ಬೇಲಿ ಹೋಯ್ತು, ಹಂದಿ ಬರ್ತಾವೆ, ಒಂದು ಫೋನ್ ಮಾಡು" ಅಂದ್ರು.